ಗೆಸ್ಟ್‌ಗೆ ಮೆಮೊರಿ ಕೊಟ್ಟು ವಾಪಸ್ ಪಡೆಯುವ ಡಿವೈಸ್: ಈ ಕೋಡ್‌ನ ರಿವ್ಯೂ ಎಲ್ಲಿಂದ ಶುರು ಮಾಡಲಿ?

ಪುಟಲೆಕ್ಕ:

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು.

ನಮ್ಮ ತಂಡ ಕ್ಯೂಎಮು (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಸಾಫ್ಟ್‌ವೇರ್‌ನಲ್ಲೇ ಓಡಿಸುವ ಪ್ರೋಗ್ರಾಂ) ಕೋಡ್‌ನಿಂದ ಕವಲೊಡೆದ ಒಂದು ಎಮ್ಯುಲೇಟರ್ ನೋಡಿಕೊಳ್ಳುತ್ತದೆ. ಒಳಗೆ ಓಡುವ ಯಂತ್ರ ಗೆಸ್ಟ್, ಹೊರಗಿನ ಅಸಲಿ ಯಂತ್ರ ಹೋಸ್ಟ್. ಅದಕ್ಕೆ ಹೊಸ ಮೆಮೊರಿ ಡಿವೈಸ್ ಸೇರಿಸುವ ಒಂಬತ್ತು ಪ್ಯಾಚ್‌ಗಳು ಬಂದಿವೆ. ರಿವ್ಯೂ ನನ್ನ ಪಾಲಿಗೆ ಬಂದಿದೆ. ಸೀರಿಯಲ್ ಪೋರ್ಟ್, ನೆಟ್‌ವರ್ಕ್ ಕಾರ್ಡ್ ತರಹದ ಡಿವೈಸ್‌ಗಳ ಕೋಡ್ ನೋಡಿ ಅಭ್ಯಾಸವಿದೆ. ಮೆಮೊರಿಯ ಕೋಡ್ ಇದೇ ಮೊದಲು.

ಡಿವೈಸ್ ಕೆಲಸ ಮಾಡುವ ರೀತಿ ಹೀಗಿದೆ. ಗೆಸ್ಟ್‌ನ ವಿಳಾಸಗಳಲ್ಲಿ ಒಂದು ದೊಡ್ಡ ಪ್ರದೇಶ ಈ ಡಿವೈಸ್‌ನದು. ಅದನ್ನು 2 ಎಂಬಿ ಬ್ಲಾಕ್‌ಗಳಾಗಿ ಹಂಚಿದೆ. ಶುರುವಿನಲ್ಲಿ ಎಲ್ಲ ಬ್ಲಾಕ್ ಖಾಲಿ, ಅಂದರೆ ಹಿಂದೆ ಮೆಮೊರಿ ಇಲ್ಲ. ಹೋಸ್ಟ್ ಕಡೆಯವರು 'ಈ ಗೆಸ್ಟ್‌ಗೆ ಇನ್ನು 1 ಜಿಬಿ ಇರಲಿ' ಎಂದು ಬೇಡಿಕೆಯ ಅಳತೆ ಬದಲಾಯಿಸುತ್ತಾರೆ. ಗೆಸ್ಟ್‌ನ ಡ್ರೈವರ್ ಅದನ್ನು ನೋಡಿ, 'ಈ ವಿಳಾಸದಿಂದ ಇಷ್ಟು ಬ್ಲಾಕ್ ಹಾಕು' ಅಥವಾ 'ಇಷ್ಟು ಬ್ಲಾಕ್ ತೆಗೆ' ಎಂದು ಕ್ಯೂನಲ್ಲಿ ರಿಕ್ವೆಸ್ಟ್ ಕಳಿಸುತ್ತದೆ. ಡಿವೈಸ್ 'ಆಯ್ತು', 'ಆಗಲ್ಲ', 'ಈಗ ಬ್ಯುಸಿ', 'ತಪ್ಪು' ಇವುಗಳಲ್ಲಿ ಒಂದು ಉತ್ತರ ಕೊಡುತ್ತದೆ. ಯಾವ ಬ್ಲಾಕ್ ಇದೆ, ಯಾವುದು ಇಲ್ಲ ಎಂಬುದಕ್ಕೆ ಒಂದು ಬಿಟ್‌ಮ್ಯಾಪ್ ಇದೆ.

ಎರಡು ಸಲ ಪೂರ್ತಿ ಓದಿದೆ. ಚೊಕ್ಕವಾಗಿದೆ, ಕಾಮೆಂಟ್‌ಗಳಿವೆ, ಲಿನಕ್ಸ್ ಗೆಸ್ಟ್ ಹಾಕಿ ನೋಡಿದರೆ ಮೆಮೊರಿ ಏರುತ್ತದೆ, ಇಳಿಯುತ್ತದೆ. ಆದರೂ 'ರಿವ್ಯೂಡ್-ಬೈ' ಎಂದು ಹೆಸರು ಹಾಕಲು ಕೈ ಬರುತ್ತಿಲ್ಲ. ಏನು ನೋಡಬೇಕೋ ಅದನ್ನೇ ನೋಡಿಲ್ಲ ಅನಿಸುತ್ತಿದೆ. ಅನುಭವ ಇರುವವರು ದಾರಿ ತೋರಿಸಿ.

ಹಳೇಕರ್ನಲ್:

ಕೈ ಬರದಿದ್ದದ್ದು ಒಳ್ಳೆಯದೇ ಆಯಿತು.

ಪ್ಯಾಚ್‌ಗಳನ್ನು ಬಂದ ಕ್ರಮದಲ್ಲಿ ಓದಬೇಡಿ. ಬರೆದವರು ತಮಗೆ ಹೊಳೆದ ಕ್ರಮದಲ್ಲಿ ಕಥೆ ಹೇಳಿರುತ್ತಾರೆ. ಅದನ್ನೇ ಹಿಂಬಾಲಿಸಿದರೆ ಅವರು ಮರೆತದ್ದನ್ನು ನೀವೂ ಮರೆಯುತ್ತೀರಿ. ಮೊದಲು ಡಿವೈಸ್‌ನ ಸ್ಟ್ರಕ್ಟ್, ಅಂದರೆ ಅದರ ಸ್ಥಿತಿಯೆಲ್ಲ ಇರುವ ಫೀಲ್ಡ್‌ಗಳ ಪಟ್ಟಿ, ತೆಗೆಯಿರಿ. ಒಂದೊಂದು ಫೀಲ್ಡ್ ಯಾರ ಕೈಯಲ್ಲಿ ಬದಲಾಗುತ್ತದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ: ಗೆಸ್ಟ್, ಹೋಸ್ಟ್, ಅಥವಾ ಮೈಗ್ರೇಶನ್ (ಓಡುತ್ತಿರುವ ಗೆಸ್ಟ್ ಅನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸುವುದು).

ಈ ತರಹದ ಡಿವೈಸ್‌ನಲ್ಲಿ ಮೂರು ಲೆಕ್ಕಗಳಿರುತ್ತವೆ. ಒಂದು ಬಿಟ್‌ಮ್ಯಾಪ್. ಎರಡು, ಒಟ್ಟು ಎಷ್ಟು ಮೆಮೊರಿ ಹಾಕಿದ್ದೇವೆ ಎಂಬ ಸಂಖ್ಯೆ. ಮೂರು, ಹೋಸ್ಟ್‌ನಲ್ಲಿ ನಿಜವಾಗಿ ಹಿಡಿದಿರುವ ಪೇಜ್‌ಗಳು, ಅಂದರೆ ಮೆಮೊರಿಯ ತುಂಡುಗಳು. ಮೊದಲ ಎರಡು ನಿಮ್ಮ ಕೋಡ್‌ನಲ್ಲಿ ಕಾಣುತ್ತವೆ. ಮೂರನೆಯದು ಕಾಣುವುದಿಲ್ಲ, ಅದು ಹೋಸ್ಟ್ ಕರ್ನಲ್ ಹತ್ತಿರ ಇದೆ. ಹಾಗಾಗಿಯೇ ಅದನ್ನು ಎಲ್ಲರೂ ಮರೆಯುತ್ತಾರೆ.

ಈಗ ಪ್ರತಿ ಫಂಕ್ಷನ್‌ಗೂ ಒಂದೇ ಪ್ರಶ್ನೆ ಕೇಳಿ. ಇದರೊಳಗೆ ಹೋಗುವಾಗ ಮೂರೂ ಲೆಕ್ಕ ಒಂದಾಗಿದ್ದರೆ, ಹೊರಗೆ ಬರುವಾಗಲೂ ಒಂದಾಗಿರುತ್ತವಾ? ಕೊನೆಯ ಸಾಲಿನ ರಿಟರ್ನ್ ಮಾತ್ರ ನೋಡಿದರೆ ಸಾಲದು. ನಡುವೆ ಎರರ್ ಬಂದು ಹೊರಬೀಳುವ ಪ್ರತಿ ರಿಟರ್ನ್‌ಗೂ ಕೇಳಿ.

ಜೊತೆಗೆ ವರ್ಟ್‌ಐಒ ಸ್ಪೆಕ್ (ಗೆಸ್ಟ್‌ನ ಡ್ರೈವರ್ ಮತ್ತು ಎಮ್ಯುಲೇಟರ್‌ನ ಡಿವೈಸ್ ಮಾತಾಡಿಕೊಳ್ಳುವ ನಿಯಮಗಳ ದಾಖಲೆ) ಪಕ್ಕಕ್ಕಿಡಿ. ನೀವು ಹೇಳಿದ್ದು ವರ್ಟ್‌ಐಒ-ಮೆಮ್‌ಗೆ ಬಹಳ ಹತ್ತಿರ ಇದೆ. ಅದು ಡಿವೈಸ್ ನಂಬರ್ 24, 2022ರ 1.2 ಆವೃತ್ತಿಯ ಸ್ಪೆಕ್‌ನಲ್ಲಿದೆ. ಲಿನಕ್ಸ್ 5.8ರಲ್ಲಿ ಡ್ರೈವರ್, ಕ್ಯೂಎಮು 5.1ರಲ್ಲಿ ಡಿವೈಸ್, ಎರಡೂ 2020ರ ಆಗಸ್ಟ್‌ನಲ್ಲಿ ಬಂದವು. ನಿಮ್ಮ ಪ್ಯಾಚ್ ಅದಕ್ಕಿಂತ ಎಲ್ಲೆಲ್ಲಿ ಬೇರೆಯಾಗಿದೆಯೋ ಅಲ್ಲೆಲ್ಲ ನಿಂತು ಯಾಕೆ ಎಂದು ಕೇಳಿ. ಕೆಲವು ಕಡೆ ಒಳ್ಳೆಯ ಕಾರಣ ಇರುತ್ತದೆ. ಕೆಲವು ಕಡೆ ಮರೆತಿರುತ್ತಾರೆ.

ಬಿಟ್‌ನೋಟ:

ಹಳೇಕರ್ನಲ್ ಹೇಳಿದ್ದಕ್ಕೆ ಒಪ್ಪಿಗೆ. ಆದರೆ ಅದಕ್ಕೂ ಮೊದಲು ನನಗೆ ಒಂದು ಫಂಕ್ಷನ್ ನೋಡಬೇಕು. ಗೆಸ್ಟ್ ಕಳಿಸಿದ ವಿಳಾಸ ಮತ್ತು ಬ್ಲಾಕ್ ಸಂಖ್ಯೆ ಸರಿ ಇದೆಯಾ ಎಂದು ನೋಡುವ ಭಾಗ. ಕೋಡ್ ಹಾಕಲು ಅನುಮತಿ ಇಲ್ಲದಿದ್ದರೆ ಮಾತಿನಲ್ಲೇ ಹೇಳಿ. ಪ್ರತಿ ವೇರಿಯಬಲ್‌ನ ಟೈಪ್ ಮಾತ್ರ ಬಿಡಬೇಡಿ.

ಪುಟಲೆಕ್ಕ:

ಕೋಡ್ ಹಾಕುವಂತಿಲ್ಲ, ಹಾಗಾಗಿ ಮಾತಿನಲ್ಲೇ ಬರೆಯುತ್ತೇನೆ.

ರಿಕ್ವೆಸ್ಟ್‌ನಲ್ಲಿ ವಿಳಾಸ 64 ಬಿಟ್, ಬ್ಲಾಕ್ ಸಂಖ್ಯೆ 16 ಬಿಟ್. ಡಿವೈಸ್‌ನ ಬ್ಲಾಕ್ ಸೈಜ್ 32 ಬಿಟ್ ಅನ್‌ಸೈನ್ಡ್. 'ಬ್ಲಾಕ್ ಸೈಜ್ ಎಂದೂ 4 ಜಿಬಿ ಮುಟ್ಟುವುದಿಲ್ಲ' ಎಂದು ಕಾಮೆಂಟ್ ಇದೆ, ಸರಿಯೇ ಇದೆ. ಒಟ್ಟು ಸೈಜ್ ಅಂದರೆ ಬ್ಲಾಕ್ ಸಂಖ್ಯೆ ಗುಣಿಸು ಬ್ಲಾಕ್ ಸೈಜ್. ಅದನ್ನು ಇಡುವ ವೇರಿಯಬಲ್ 64 ಬಿಟ್.

ಆಮೇಲೆ ಮೂರು ಚೆಕ್. ವಿಳಾಸ ಬ್ಲಾಕ್ ಅಂಚಿಗೆ ಸರಿಯಾಗಿ ಕೂರುತ್ತಾ? ವಿಳಾಸ ನಮ್ಮ ಪ್ರದೇಶದೊಳಗೆ ಶುರುವಾಗುತ್ತಾ? ವಿಳಾಸ ಕೂಡಿಸು ಸೈಜ್ ಪ್ರದೇಶದ ಕೊನೆಯನ್ನು ದಾಟುತ್ತಾ? ಮೂರೂ ಸರಿ ಇದ್ದರೆ, ಅಷ್ಟು ಬ್ಲಾಕ್‌ಗಳೂ ಖಾಲಿ ಇವೆಯಾ ಎಂದು ಬಿಟ್‌ಮ್ಯಾಪ್ ನೋಡಿ, ಬಿಟ್‌ಗಳನ್ನು 1 ಮಾಡುತ್ತದೆ. ಬಿಟ್‌ಮ್ಯಾಪ್ ಫಂಕ್ಷನ್‌ಗಳಿಗೆ ಕೊಡುವುದು ಬ್ಲಾಕ್ ಸಂಖ್ಯೆಯನ್ನೇ, ಸೈಜ್ ಅಲ್ಲ.

ಬಿಟ್‌ನೋಟ:

ಸಿಕ್ಕಿತು. ನಿಧಾನವಾಗಿ ಓದಿ.

ಸಿ ಭಾಷೆಯಲ್ಲಿ 16 ಬಿಟ್ ಸಂಖ್ಯೆಯನ್ನು 32 ಬಿಟ್ ಅನ್‌ಸೈನ್ಡ್ ಸಂಖ್ಯೆಯಿಂದ ಗುಣಿಸಿದರೆ ಗುಣಾಕಾರ ನಡೆಯುವುದು 32 ಬಿಟ್‌ನಲ್ಲಿ. ಉತ್ತರವನ್ನು 64 ಬಿಟ್ ವೇರಿಯಬಲ್‌ಗೆ ಹಾಕುವುದು ಆಮೇಲೆ. ಮೇಲಿನ ಬಿಟ್‌ಗಳು ಅಷ್ಟರಲ್ಲಿ ಹೋಗಿಯಾಗಿರುತ್ತವೆ. ಪಾತ್ರೆ ದೊಡ್ಡದು, ಆದರೆ ನೀರು ಚೆಲ್ಲಿದ್ದು ಅದಕ್ಕೂ ಮೊದಲು.

ಈಗ ಗೆಸ್ಟ್ 2048 ಬ್ಲಾಕ್ ಕೇಳಲಿ. 2048 ಗುಣಿಸು 2 ಎಂಬಿ ಅಂದರೆ ಸರಿಯಾಗಿ 4 ಜಿಬಿ. 32 ಬಿಟ್‌ನಲ್ಲಿ ಅದು ಸೊನ್ನೆ. ಸೈಜ್ ಸೊನ್ನೆ!

ನಿಮ್ಮ ಮೂರು ಚೆಕ್ ಮತ್ತೊಮ್ಮೆ ನೋಡಿ. ವಿಳಾಸ ಅಂಚಿಗೆ ಕೂರುತ್ತದೆ, ಸರಿ. ಪ್ರದೇಶದೊಳಗಿದೆ, ಸರಿ. ವಿಳಾಸ ಕೂಡಿಸು ಸೊನ್ನೆ ಕೊನೆಯನ್ನು ದಾಟುವುದಿಲ್ಲ, ಅದೂ ಸರಿ. ಬೇಡಿಕೆಗಿಂತ ಜಾಸ್ತಿ ಆಗುತ್ತಾ ಎಂಬ ಚೆಕ್ ಇದ್ದರೆ ಅದೂ ಪಾಸ್, ಯಾಕೆಂದರೆ ಕೂಡಿಸುತ್ತಿರುವುದು ಸೊನ್ನೆ. ಆಮೇಲೆ ಬಿಟ್‌ಮ್ಯಾಪ್ ಫಂಕ್ಷನ್‌ಗೆ ಹೋಗುವ ಸಂಖ್ಯೆ ಮಾತ್ರ ಅಸಲಿ 2048.

ಪ್ರದೇಶ 2 ಜಿಬಿ ಎಂದಿಟ್ಟುಕೊಳ್ಳಿ. ಬಿಟ್‌ಮ್ಯಾಪ್‌ನಲ್ಲಿ 1024 ಬಿಟ್, ಅಂದರೆ 128 ಬೈಟ್. 'ಖಾಲಿ ಇವೆಯಾ' ಎಂದು ನೋಡುವಾಗಲೇ ಕೋಡ್ ಅದರಾಚೆಗೆ ಇನ್ನೂ 128 ಬೈಟ್ ಓದುತ್ತದೆ. ಆಚೆ ಇರುವುದೆಲ್ಲ ಸೊನ್ನೆ ಆಗಿದ್ದರೆ ಮುಂದಿನ ಹೆಜ್ಜೆಯಲ್ಲಿ ಆ 128 ಬೈಟ್ ತುಂಬ 1 ಬರೆಯುತ್ತದೆ. ಅದು ಎಮ್ಯುಲೇಟರ್‌ನ ಸ್ವಂತ ಹೀಪ್, ಅಂದರೆ ಅದು ತನ್ನ ಬಳಕೆಗೆ ಪಡೆದ ಮೆಮೊರಿ. ಅಲ್ಲಿ ಏನಿರುತ್ತದೋ ಯಾರಿಗೆ ಗೊತ್ತು. ಗೆಸ್ಟ್ ಒಳಗಿಂದ ಒಂದು ರಿಕ್ವೆಸ್ಟ್ ಕಳಿಸಿದರೆ ಸಾಕು, ಹೋಸ್ಟ್‌ನ ಪ್ರಾಸೆಸ್‌ನಲ್ಲಿ ಬರವಣಿಗೆ ಆಗುತ್ತದೆ.

ಕ್ಯೂಎಮುನ ವರ್ಟ್‌ಐಒ-ಮೆಮ್ ಕೋಡ್‌ನಲ್ಲಿ ಬ್ಲಾಕ್ ಸೈಜ್ ಮೊದಲಿಂದಲೂ 64 ಬಿಟ್. ಅದರ ಮೇಲೆ ಸೈಜ್ ಸೊನ್ನೆಯಾ ಎಂದೂ ನೋಡುತ್ತದೆ, ವಿಳಾಸ ಕೂಡಿಸು ಸೈಜ್ ಸುತ್ತು ಹೊಡೆದು ಚಿಕ್ಕದಾಯಿತಾ ಎಂದೂ ನೋಡುತ್ತದೆ. ನಿಮ್ಮದಕ್ಕೂ ಈ ಮೂರೂ ಬೇಕು. ಟೈಪ್ ಒಂದೇ ಸರಿ ಮಾಡಿ ಬಿಡಬೇಡಿ. ನಾಳೆ ಯಾರೋ ಜಾಗ ಉಳಿಸಲು ಮತ್ತೆ 32 ಮಾಡುತ್ತಾರೆ.

ಪುಟಲೆಕ್ಕ:

ಆ ಸಾಲನ್ನು ನಾನು ಎರಡು ಸಲ ಓದಿದ್ದೆ. 64 ಬಿಟ್ ವೇರಿಯಬಲ್ ಕಂಡ ತಕ್ಷಣ ಕಣ್ಣು ಮುಂದೆ ಹೋಗಿಬಿಟ್ಟಿತ್ತು. ಬರೆದವರಿಗೆ ಈಗಲೇ ತಿಳಿಸುತ್ತೇನೆ.

ಸ್ವಲ್ಪ ಹೊತ್ತಿನ ನಂತರ ಸೇರಿಸಿದ್ದು: ಅವರ ಉತ್ತರ ಬಂತು. ಬಗ್ ಒಪ್ಪಿಕೊಂಡಿದ್ದಾರೆ. ಆದರೆ 'ನಮ್ಮ ಡ್ರೈವರ್ ಒಂದು ಸಲಕ್ಕೆ 64 ಬ್ಲಾಕ್‌ಗಿಂತ ಜಾಸ್ತಿ ಕೇಳುವುದೇ ಇಲ್ಲ, ಆದ್ದರಿಂದ ಇದು ಅಷ್ಟು ತುರ್ತಿನದಲ್ಲ' ಎಂದಿದ್ದಾರೆ.

ಹಳೇಕರ್ನಲ್:

ಆ ಮಾತನ್ನು ಒಪ್ಪಬೇಡಿ. ಮರ್ಯಾದೆಯಿಂದಲೇ ಹೇಳಿ, ಆದರೆ ಒಪ್ಪಬೇಡಿ.

ಗೆಸ್ಟ್‌ನಲ್ಲಿ ಯಾವ ಡ್ರೈವರ್ ಓಡುತ್ತದೆ ಎಂದು ನಿರ್ಧರಿಸುವವರು ನಾವಲ್ಲ. ಗೆಸ್ಟ್‌ನೊಳಗೆ ರೂಟ್ ಸಿಕ್ಕವರು ತಮ್ಮದೇ ಡ್ರೈವರ್ ಬರೆದು ಹಾಕಬಹುದು. 2015ರಲ್ಲಿ ಕ್ಯೂಎಮುನಲ್ಲಿ ಸಿಕ್ಕ ವೆನಮ್ ಎಂಬ ಭದ್ರತಾ ದೋಷ ನೆನಪಿದೆಯಾ? ಸಿವಿಇ-2015-3456. ಫ್ಲಾಪಿ ಡಿಸ್ಕ್ ಕಂಟ್ರೋಲರ್‌ನ ಎಮ್ಯುಲೇಶನ್‌ನಲ್ಲಿ ಬಫರ್ ಅಂಚು ದಾಟುವ ಬಗ್. ಆ ಕೋಡ್ 2004ರಿಂದ ಇತ್ತು. ಯಾವ ಮಾಮೂಲಿ ಡ್ರೈವರ್ ಕೂಡ ಅದನ್ನು ಮುಟ್ಟಿರಲಿಲ್ಲ. ಹನ್ನೊಂದು ವರ್ಷ ಸುಮ್ನೆ ಕೂತಿತ್ತು.

ಇದರ ಇನ್ನೊಂದು ಮುಖವೂ ಇದೆ. ಹೆದರಿಕೊಂಡು ಎಲ್ಲ ಕಡೆ ಅಸರ್ಟ್ (ಷರತ್ತು ತಪ್ಪಿದರೆ ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುವ ಸಾಲು) ಹಾಕಿಬಿಡುತ್ತಾರೆ. ಗೆಸ್ಟ್ ಕಳಿಸಿದ ಡೇಟಾ ಮೇಲೆ ಅಸರ್ಟ್ ಇಟ್ಟರೆ, ಗೆಸ್ಟ್ ಬೇಕೆಂದಾಗ ಎಮ್ಯುಲೇಟರ್ ಬೀಳಿಸಬಹುದು ಎಂದರ್ಥ. ಅಸರ್ಟ್ ಇರುವುದು ನಮ್ಮ ಕೋಡ್‌ನ ತಪ್ಪು ಹಿಡಿಯಲು. ಗೆಸ್ಟ್‌ನ ತಪ್ಪಿಗೆ ಎರರ್ ಉತ್ತರ ಕೊಡಬೇಕು. ರಿಕ್ವೆಸ್ಟ್‌ನ ರೂಪವೇ ಕೆಟ್ಟಿದ್ದರೆ ಡಿವೈಸ್ ಹಾಳಾಗಿದೆ ಎಂದು ಗುರುತು ಹಾಕಿ ರಿಸೆಟ್ ಆಗುವವರೆಗೆ ನಿಲ್ಲಿಸಬೇಕು. ಅದಕ್ಕೆ ಕ್ಯೂಎಮುನಲ್ಲಿ ಪ್ರತ್ಯೇಕ ಫಂಕ್ಷನ್ ಇದೆ, ನಿಮ್ಮ ಕವಲಿನಲ್ಲೂ ಇರುತ್ತದೆ. ಅಸರ್ಟ್ ಎಂದು ಹುಡುಕಿ, ಒಂದೊಂದರ ಹಿಂದೆ ಗೆಸ್ಟ್‌ನ ಸಂಖ್ಯೆ ಬರುತ್ತದಾ ನೋಡಿ.

ರಿಂಗ್‌ಬಫರ್:

ಒಂದು ಪ್ರಶ್ನೆ. ರಿಕ್ವೆಸ್ಟ್ ಅನ್ನು ಎಲ್ಲಿಂದ ಓದುತ್ತಾರೆ? ಮೊದಲು ಸ್ವಂತ ವೇರಿಯಬಲ್‌ಗೆ ಕಾಪಿ ಮಾಡಿಕೊಳ್ಳುತ್ತಾರಾ, ಅಥವಾ ಗೆಸ್ಟ್ ಮೆಮೊರಿಯತ್ತ ಪಾಯಿಂಟರ್ ಹಿಡಿದು ಕೆಲಸ ಮಾಡುತ್ತಾರಾ?

ಪುಟಲೆಕ್ಕ:

ಪಾಯಿಂಟರ್. ಕ್ಯೂನಿಂದ ಎಲಿಮೆಂಟ್ ತೆಗೆದು, ಮೊದಲ ತುಂಡಿನ ವಿಳಾಸವನ್ನು ರಿಕ್ವೆಸ್ಟ್ ಸ್ಟ್ರಕ್ಟ್‌ಗೆ ಕಾಸ್ಟ್ ಮಾಡಿದ್ದಾರೆ, ಅಂದರೆ ಅಲ್ಲಿರುವುದು ಇಡೀ ರಿಕ್ವೆಸ್ಟ್ ಎಂದೇ ಓದುತ್ತಾರೆ. ಕಾಪಿ ಮಾಡುವ ಕೆಲಸ ಉಳಿಯುತ್ತದೆ ಎಂದು ಕಮಿಟ್ ಮೆಸೇಜ್‌ನಲ್ಲಿ ಬರೆದಿದ್ದಾರೆ.

ರಿಂಗ್‌ಬಫರ್:

ಅದರಲ್ಲಿ ಎರಡು ತೊಂದರೆ ಇವೆ.

ಗೆಸ್ಟ್‌ಗೆ ಎರಡು ವಿಸಿಪಿಯು (ಗೆಸ್ಟ್‌ಗೆ ಕಾಣುವ ಸಿಪಿಯು) ಇದ್ದರೆ, ಒಂದು ರಿಕ್ವೆಸ್ಟ್ ಕಳಿಸಿ ಕಾಯುತ್ತಿರುವಾಗ ಇನ್ನೊಂದು ಅದೇ ಮೆಮೊರಿಗೆ ಬರೆಯಬಹುದು. ನೀವು ಬ್ಲಾಕ್ ಸಂಖ್ಯೆ 4 ಎಂದು ಚೆಕ್ ಮಾಡುತ್ತೀರಿ. ಚೆಕ್ ಮುಗಿದ ಮೇಲೆ ಅದು 60000 ಆಗುತ್ತದೆ. ಬಿಟ್‌ಮ್ಯಾಪ್‌ಗೆ ಹೋಗುವಾಗ ಮತ್ತೆ ಅಲ್ಲಿಂದಲೇ ಓದುತ್ತೀರಿ. ಮೇಲೆ ಬಿಟ್‌ನೋಟ ಹೇಳಿದ ಎಲ್ಲ ಚೆಕ್ ಹಾಕಿದರೂ ಪ್ರಯೋಜನವಿಲ್ಲ. ಒಂದೇ ಸಲ ಓದಿ, ಸ್ವಂತ ಕಾಪಿಯ ಮೇಲೆ ಚೆಕ್ ಮಾಡಿ, ಅದೇ ಕಾಪಿಯನ್ನು ಬಳಸಬೇಕು. ರಿಕ್ವೆಸ್ಟ್ ಇರುವುದೇ ಕೆಲವು ಬೈಟ್. ಕಾಪಿ ಉಳಿಸಿ ಏನೂ ಸಿಗುವುದಿಲ್ಲ.

ಎರಡನೆಯದು, ಇಡೀ ರಿಕ್ವೆಸ್ಟ್ ಮೊದಲ ತುಂಡಿನಲ್ಲೇ ಇರುತ್ತದೆ ಎಂದು ಯಾರು ಹೇಳಿದರು? ಗೆಸ್ಟ್ ಅದನ್ನು ನಾಲ್ಕು ಡಿಸ್ಕ್ರಿಪ್ಟರ್‌ಗಳಲ್ಲಿ, ಅಂದರೆ ನಾಲ್ಕು ತುಂಡುಗಳಲ್ಲಿ, ಹರಡಿ ಕೊಡಬಹುದು, ಸ್ಪೆಕ್ ಅದಕ್ಕೆ ಅವಕಾಶ ಕೊಡುತ್ತದೆ. ಮೊದಲ ತುಂಡು 2 ಬೈಟ್ ಇದ್ದರೆ ನಿಮ್ಮ ಕಾಸ್ಟ್ ಆಚೆಗೆ ಓದುತ್ತದೆ. ತುಂಡುಗಳನ್ನು ಕೂಡಿಸಿ ಬಫರ್‌ಗೆ ಎಳೆಯುವ ಹೆಲ್ಪರ್ ಇದೆ, ಎಷ್ಟು ಬೈಟ್ ಬಂತು ಎಂದೂ ಹೇಳುತ್ತದೆ. ಕಡಿಮೆ ಬಂದರೆ ಎರರ್.

ಆ ಎರರ್ ದಾರಿಯಲ್ಲಿ ಕ್ಯೂನಿಂದ ತೆಗೆದ ಎಲಿಮೆಂಟ್ ಅನ್ನು ಬಿಡಿಸಿ ಫ್ರೀ ಮಾಡುತ್ತಾರಾ ಅದನ್ನೂ ನೋಡಿ. ಬಹಳ ಜನ ಬರೀ ರಿಟರ್ನ್ ಹೊಡೆಯುತ್ತಾರೆ, ಅಲ್ಲಿ ಲೀಕ್.

ಹೊಸಓದು:

ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ನಾನು ಕಲಿಯುತ್ತಿದ್ದೇನೆ. ಮೆಮೊರಿ ವಾಪಸ್ ಪಡೆಯಲು ಬಲೂನ್ ಡಿವೈಸ್ ಇದೆ ಅಲ್ವಾ? ಇನ್ನೊಂದು ಯಾಕೆ?

ಹಳೇಕರ್ನಲ್:

ಕ್ಷಮೆ ಯಾಕೆ, ಕೇಳಬೇಕಾದ ಪ್ರಶ್ನೆಯೇ ಇದು. ಇದಕ್ಕೆ ಉತ್ತರ ಗೊತ್ತಿದ್ದರೆ ರಿವ್ಯೂ ಕೂಡ ಸುಲಭವಾಗುತ್ತದೆ.

ಬಲೂನ್ ಹಳೆಯದು. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ಇಎಸ್‌ಎಕ್ಸ್ (ಗೆಸ್ಟ್‌ಗಳನ್ನು ಓಡಿಸುವ ವಿಎಂವೇರ್ ಸಾಫ್ಟ್‌ವೇರ್) ಬಗ್ಗೆ ಬರೆದ ಪೇಪರ್‌ನಿಂದ ಈ ವಿಚಾರ ಎಲ್ಲರಿಗೂ ತಲುಪಿತು. ಗೆಸ್ಟ್‌ನೊಳಗಿನ ಡ್ರೈವರ್ ಖಾಲಿ ಪೇಜ್‌ಗಳನ್ನು ತಾನೇ ಹಿಡಿದುಕೊಂಡು, ಅವುಗಳ ನಂಬರ್‌ಗಳನ್ನು ಹೋಸ್ಟ್‌ಗೆ ಹೇಳುತ್ತದೆ. ಹೋಸ್ಟ್ ಆ ಜಾಗವನ್ನು ಬೇರೆಡೆ ಬಳಸುತ್ತದೆ. ಬಲೂನ್ ಊದಿದಂತೆ ಗೆಸ್ಟ್‌ಗೆ ಉಳಿಯುವ ಜಾಗ ಕಡಿಮೆ.

ಆದರೆ ಅಲ್ಲಿ ನಂಬಿಕೆಯೇ ಎಲ್ಲ. ಕೊಟ್ಟ ಪೇಜ್ ಅನ್ನು ಗೆಸ್ಟ್ ಮತ್ತೆ ಮುಟ್ಟಿದರೆ ಅದು ತಾನಾಗಿ ವಾಪಸ್ ಬರುತ್ತದೆ. ತಡೆಯುವ ಲೆಕ್ಕ ಹೋಸ್ಟ್ ಹತ್ತಿರ ಇಲ್ಲ. ಇನ್ನೊಂದು, ವರ್ಟ್‌ಐಒ ಬಲೂನ್‌ನಲ್ಲಿ ಪೇಜ್ ನಂಬರ್ 32 ಬಿಟ್, ಒಂದೊಂದು 4 ಕೆಬಿಯ ಲೆಕ್ಕ. ಹೋಸ್ಟ್ ಪೇಜ್ 64 ಕೆಬಿ ಇದ್ದರೆ ಒಂದು 4 ಕೆಬಿ ತುಂಡನ್ನು ಮಾತ್ರ ಬಿಡಲು ಆಗುವುದಿಲ್ಲ. ಆ ಪೇಜ್‌ನ ಹದಿನಾರು ತುಂಡುಗಳೂ ಬರುವವರೆಗೆ ಕ್ಯೂಎಮು ನೆನಪಿಟ್ಟುಕೊಂಡು ಕಾಯಬೇಕು.

ಈ ಹೊಸ ಬಗೆಯಲ್ಲಿ ಪ್ರದೇಶ ಡಿವೈಸ್‌ನದು. ಯಾವ ಬ್ಲಾಕ್ ಇದೆ ಎಂದು ಡಿವೈಸ್‌ಗೇ ಗೊತ್ತು. ಬೇಡಿಕೆಗಿಂತ ಜಾಸ್ತಿ ಕೇಳಿದರೆ ಇಲ್ಲ ಎನ್ನಬಹುದು. ಲೆಕ್ಕ ಹೋಸ್ಟ್ ಕಡೆ ಬಂದಿದೆ, ಜೊತೆಗೆ ಲೆಕ್ಕ ತಪ್ಪುವ ಅಪಾಯವೂ ಹೋಸ್ಟ್ ಕಡೆಗೇ ಬಂದಿದೆ. ಹಾಗಾಗಿ ಮೂರು ಲೆಕ್ಕದ ಬಗ್ಗೆ ಅಷ್ಟು ಒತ್ತಿ ಹೇಳಿದೆ.

ಪುಟಲೆಕ್ಕ:

ಆ ಮೂರನೇ ಲೆಕ್ಕಕ್ಕೇ ಬಂದೆ. ಬ್ಲಾಕ್ ತೆಗೆಯುವ ಫಂಕ್ಷನ್ ಹೀಗಿದೆ: ಮೊದಲು ಬಿಟ್ ಸೊನ್ನೆ ಮಾಡುತ್ತದೆ, ಒಟ್ಟು ಸೈಜ್ ಕಡಿಮೆ ಮಾಡುತ್ತದೆ, ಆಮೇಲೆ ಆ ಜಾಗದ ಮೇಲೆ ನೇರವಾಗಿ ಮ್ಯಾಡ್ವೈಸ್ ಡೋಂಟ್‌ನೀಡ್ (ಈ ಮೆಮೊರಿ ಇನ್ನು ಬೇಡ ಎಂದು ಹೋಸ್ಟ್ ಕರ್ನಲ್‌ಗೆ ಹೇಳುವ ಫಂಕ್ಷನ್) ಕರೆಯುತ್ತದೆ. ಅದು ಫೇಲ್ ಆದರೆ ಒಂದು ವಾರ್ನಿಂಗ್ ಬರೆದು 'ಆಯ್ತು' ಎಂದು ಉತ್ತರಿಸುತ್ತದೆ.

ರಿಂಗ್‌ಬಫರ್:

ಡೋಂಟ್‌ನೀಡ್ ಕರೆದರೆ ಸಾಕು ಅಲ್ವಾ? ಅದು ಫೇಲ್ ಆಗುವುದು ತೀರಾ ಅಪರೂಪ. ವಾರ್ನಿಂಗ್ ಇದ್ದರೆ ನಡೆಯುತ್ತದೆ ಎಂದು ನನ್ನ ಅನಿಸಿಕೆ. ಪೇಜ್ ಆಮೇಲಾದರೂ ಹೋಗುತ್ತದೆ.

ಬಿಟ್‌ನೋಟ:

ಇಲ್ಲ ರಿಂಗ್‌ಬಫರ್, ಇದನ್ನು ಒಪ್ಪಲಾರೆ.

ಡೋಂಟ್‌ನೀಡ್ ಪೇಜ್ ಬಿಡುವುದು ಮಾಮೂಲಿ ಅನಾನಿಮಸ್ ಪ್ರೈವೇಟ್ ಮೆಮೊರಿಯಲ್ಲಿ, ಅಂದರೆ ಯಾವ ಫೈಲ್‌ಗೂ ಸೇರದ, ಹಂಚಿಕೊಳ್ಳದ ಮೆಮೊರಿಯಲ್ಲಿ. ಗೆಸ್ಟ್ ಮೆಮೊರಿ ಶೇರ್ಡ್ ಆಗಿದ್ದರೆ, ಬೇರೆ ಪ್ರಾಸೆಸ್‌ಗೆ ನೆಟ್‌ವರ್ಕ್ ಕೆಲಸ ಬಿಟ್ಟುಕೊಡುವವರು ಹಾಗೇ ಇಡುತ್ತಾರೆ, ಆಗ ಡೋಂಟ್‌ನೀಡ್ ನಮ್ಮ ಪೇಜ್ ಟೇಬಲ್‌ನ ನಮೂದನ್ನು ಮಾತ್ರ ಅಳಿಸುತ್ತದೆ. ಅಸಲಿ ಪೇಜ್ ಫೈಲ್‌ನಲ್ಲಿ ಹಾಗೇ ಕೂತಿರುತ್ತದೆ. ಕರೆ ಸೊನ್ನೆ ರಿಟರ್ನ್ ಮಾಡುತ್ತದೆ, ಎಲ್ಲ ಸರಿ ಎಂದು ಕಾಣುತ್ತದೆ, ಹೋಸ್ಟ್‌ಗೆ ಒಂದು ಬೈಟ್ ಕೂಡ ವಾಪಸ್ ಬಂದಿರುವುದಿಲ್ಲ. ಅಲ್ಲಿ ಎಫ್‌ಅಲೊಕೇಟ್ ಎಂಬ ಕರೆಯಿಂದ ಫೈಲ್‌ನಲ್ಲಿ ತೂತು ಹೊಡೆಯಬೇಕು. ಇದನ್ನೆಲ್ಲ ನೋಡಿಕೊಳ್ಳುವ ಡಿಸ್ಕಾರ್ಡ್ (ಪೇಜ್ ಬಿಡುವ) ಹೆಲ್ಪರ್ ಕ್ಯೂಎಮುನಲ್ಲಿದೆ. ಅದು ಬ್ಯಾಕೆಂಡ್‌ನ (ಗೆಸ್ಟ್ ಮೆಮೊರಿಯ ಹಿಂದಿರುವ ಹೋಸ್ಟ್ ಮೆಮೊರಿಯ) ಪೇಜ್ ಸೈಜ್‌ಗೆ ವಿಳಾಸ ಕೂರುತ್ತಾ ಎಂದೂ ನೋಡುತ್ತದೆ. 1 ಜಿಬಿ ಹ್ಯೂಜ್ ಪೇಜ್ ಇಟ್ಟವರಿಗೆ 2 ಎಂಬಿ ಬ್ಲಾಕ್ ಬಿಡಲು ಆಗುವುದೇ ಇಲ್ಲ. ಬ್ಲಾಕ್ ಸೈಜ್ ಬ್ಯಾಕೆಂಡ್ ಪೇಜ್‌ಗಿಂತ ಚಿಕ್ಕದಿದ್ದರೆ ಡಿವೈಸ್ ಶುರುವಿನಲ್ಲೇ ಬೇಡ ಎನ್ನಬೇಕು.

ಇನ್ನು ಕ್ರಮ. ಬಿಟ್ ಮೊದಲು ಅಳಿಸಿ, ಡಿಸ್ಕಾರ್ಡ್ ಆಮೇಲೆ ಫೇಲ್ ಆದರೆ ಬಿಟ್‌ಮ್ಯಾಪ್ 'ಇಲ್ಲ' ಎನ್ನುತ್ತದೆ, ಒಟ್ಟು ಸಂಖ್ಯೆಯೂ 'ಇಲ್ಲ' ಎನ್ನುತ್ತದೆ, ಹೋಸ್ಟ್‌ನಲ್ಲಿ ಪೇಜ್ ಇದೆ. ಲೆಕ್ಕ ಒಡೆಯಿತು. ಕ್ಯೂಎಮು ಇದನ್ನು ತಿರುಗಿಸಿ ಮಾಡುತ್ತದೆ: ಮೊದಲು ಡಿಸ್ಕಾರ್ಡ್, ಅದು ಫೇಲ್ ಆದರೆ 'ಬ್ಯುಸಿ' ಉತ್ತರ, ಬಿಟ್ ಮುಟ್ಟುವುದೇ ಇಲ್ಲ. ಗೆಸ್ಟ್ ಆಮೇಲೆ ಮತ್ತೆ ಕೇಳುತ್ತದೆ. ಬ್ಯುಸಿ ಎಂಬ ಉತ್ತರ ಇರುವುದೇ ಇಂಥ ಹೊತ್ತಿಗೆ.

ರಿಂಗ್‌ಬಫರ್:

ಶೇರ್ಡ್ ಮೆಮೊರಿಯ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕ್ರಮದ ಬಗ್ಗೆಯೂ ನೀವು ಹೇಳಿದ್ದೇ ಸರಿ.

ಒಂದು ಸೇರಿಸುತ್ತೇನೆ. ಪುಟಲೆಕ್ಕ ಅವರೇ, ನಿಮ್ಮಲ್ಲಿ ಅಸಲಿ ಪಿಸಿಐ ಕಾರ್ಡ್ ಅನ್ನು ಗೆಸ್ಟ್‌ಗೆ ನೇರವಾಗಿ ಕೊಡುತ್ತೀರಾ, ವಿಎಫ್‌ಐಒ ಮೂಲಕ?

ಪುಟಲೆಕ್ಕ:

ಹೌದು, ಇನ್ನೊಂದು ತಂಡ ಬಳಸುತ್ತದೆ. ಈ ಪ್ಯಾಚ್‌ಗಳಲ್ಲಿ ಅದರ ಮಾತೇ ಇಲ್ಲ.

ರಿಂಗ್‌ಬಫರ್:

ಹಾಗಾದರೆ ಅದನ್ನು ಕೇಳಲೇಬೇಕು. ವಿಎಫ್‌ಐಒ ಗೆಸ್ಟ್‌ನ ಪೇಜ್‌ಗಳನ್ನು ಪಿನ್ ಮಾಡಿ, ಅಂದರೆ ಅಲುಗದಂತೆ ಹಿಡಿದು, ಇಟ್ಟಿರುತ್ತದೆ, ಕಾರ್ಡ್ ನೇರವಾಗಿ ಡಿಎಂಎ (ಸಿಪಿಯು ನಡುವೆ ಬಾರದೆ ಮೆಮೊರಿ ಓದಿ ಬರೆಯುವುದು) ಮಾಡಬೇಕಲ್ಲ. ನೀವು ಬ್ಲಾಕ್ ಡಿಸ್ಕಾರ್ಡ್ ಮಾಡಿದರೂ ಪಿನ್ ಆದ ಹಳೆಯ ಪೇಜ್ ಹೋಗುವುದಿಲ್ಲ. ಅದೇ ಬ್ಲಾಕ್ ಮತ್ತೆ ಹಾಕಿದಾಗ ಸಿಪಿಯು ಹೊಸ ಪೇಜ್ ನೋಡುತ್ತದೆ, ಕಾರ್ಡ್ ಹಳೆಯ ಪೇಜ್‌ಗೆ ಬರೆಯುತ್ತದೆ. ಗೆಸ್ಟ್‌ಗೆ ಡೇಟಾ ಬರುವುದೇ ಇಲ್ಲ, ಎರರ್ ಕೂಡ ಎಲ್ಲೂ ಇಲ್ಲ. ಇಂಥದ್ದನ್ನು ಹುಡುಕಲು ವಾರಗಟ್ಟಲೆ ಬೇಕು.

ವರ್ಟ್‌ಐಒ-ಮೆಮ್ ಮೊದಲು ವಿಎಫ್‌ಐಒ ಜೊತೆ ಓಡುವುದನ್ನೇ ತಡೆದಿತ್ತು. 2021ರಲ್ಲಿ ಕ್ಯೂಎಮು 6.1 ಬಂದಾಗ ಇಬ್ಬರೂ ಮಾತಾಡಿಕೊಳ್ಳುವ ವ್ಯವಸ್ಥೆ ಬಂತು. ಬ್ಲಾಕ್ ಹಾಕುವಾಗ, ತೆಗೆಯುವಾಗ ವಿಎಫ್‌ಐಒಗೆ ತಿಳಿಸಿ, ಅಷ್ಟಕ್ಕೆ ಮಾತ್ರ ಮ್ಯಾಪ್ ಮಾಡುವುದು, ಬಿಡುವುದು. ಆ ಕೆಲಸ ಈಗ ಬೇಡ ಎಂದರೆ ಇರಲಿ. ಎರಡೂ ಒಟ್ಟಿಗೆ ಓಡದಂತೆ ತಡೆಯುವ ಒಂದು ಕರೆ ಮಾತ್ರ ಈ ಸರಣಿಯಲ್ಲೇ ಬರಲಿ.

ವಲಸೆಹಾದಿ:

ಮೈಗ್ರೇಶನ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಅದರಲ್ಲೇ ದಿನ ಕಳೆಯುವವಳು.

ಗೆಸ್ಟ್ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಬಿಟ್‌ಮ್ಯಾಪ್ ಜೊತೆಗೆ ಹೋಗಬೇಕು. ಅದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಮೊದಲ ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತಾರೆ. ನೋಡಬೇಕಾದದ್ದು ಬೇರೆ. ಆ ಕಡೆಯ ಬ್ಲಾಕ್ ಸೈಜ್, ಪ್ರದೇಶದ ಶುರು, ಪ್ರದೇಶದ ಅಳತೆ ಇವು ಈ ಕಡೆಯದಕ್ಕೆ ಸರಿಹೊಂದುತ್ತವಾ ಎಂದು ಯಾರಾದರೂ ನೋಡುತ್ತಾರಾ? ಈ ಕಡೆ 2 ಎಂಬಿ, ಆ ಕಡೆ 4 ಎಂಬಿ ಎಂದು ಶುರು ಮಾಡಿದ್ದರೆ ಅದೇ ಬಿಟ್‌ಮ್ಯಾಪ್‌ನ ಅರ್ಥವೇ ಬದಲಾಗುತ್ತದೆ. ಸರಿಹೊಂದದಿದ್ದರೆ ಲೋಡ್ ಆಗುವಾಗಲೇ, ಯಾವುದು ಬೇರೆ ಎಂದು ಹೆಸರು ಹೇಳಿ ನಿಲ್ಲಿಸಬೇಕು.

ಲೋಡ್ ಆದ ಮೇಲೆ ಬಿಟ್‌ಗಳನ್ನು ಎಣಿಸಿ ಒಟ್ಟು ಸೈಜ್‌ಗೆ ತಾಳೆ ನೋಡಲು ಹೇಳಿ. ನಾಲ್ಕು ಸಾಲಿನ ಕೆಲಸ. ಹಳೇಕರ್ನಲ್ ಹೇಳಿದ ಮೊದಲ ಎರಡು ಲೆಕ್ಕ ಬೇರೆ ಬೇರೆಯಾಗಿ ಬಂದಿಳಿಯುವ ಜಾಗ ಇದೊಂದೇ.

ಮೈಗ್ರೇಶನ್ ನಡೆಯುತ್ತಿರುವಾಗ ಗೆಸ್ಟ್ ಬ್ಲಾಕ್ ಹಾಕು, ತೆಗೆ ಎಂದರೆ ಏನಾಗುತ್ತದೆ? ಖಾಲಿ ಬ್ಲಾಕ್‌ಗಳನ್ನು ಆ ಕಡೆಗೆ ಕಳಿಸಿರುವುದಿಲ್ಲ. ನಡುವೆ ಒಂದು ಬ್ಲಾಕ್ ಹಾಕಿದರೆ, ಗೆಸ್ಟ್ ಅದಕ್ಕೆ ಏನೂ ಬರೆಯದೆ ಓದಿದರೆ, ಈ ಕಡೆ ಕಂಡದ್ದು ಒಂದು, ಆ ಕಡೆಗೆ ಹೋದ ಮೇಲೆ ಕಾಣುವುದು ಇನ್ನೊಂದು ಆಗಬಹುದು. ವರ್ಟ್‌ಐಒ-ಮೆಮ್ ಮೈಗ್ರೇಶನ್ ಮುಗಿಯುವವರೆಗೆ ಬ್ಯುಸಿ ಎನ್ನುತ್ತದೆ. ಸರಳ, ಸಾಕು.

ಪುಟಲೆಕ್ಕ:

ವಲಸೆಹಾದಿ ಅವರೇ, ನೀವು ಹೇಳಿದ ಮೂರೂ ಪ್ಯಾಚ್‌ನಲ್ಲಿ ಇಲ್ಲ. ಬ್ಯುಸಿ ಎಂಬ ಉತ್ತರ ಹೆಡರ್‌ನಲ್ಲಿದೆ, ಇಡೀ ಕೋಡ್‌ನಲ್ಲಿ ಒಂದು ಕಡೆಯೂ ಬಳಸಿಲ್ಲ. ಇದನ್ನು ನಾನೇ ಗಮನಿಸಬೇಕಿತ್ತು.

ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಎರಡು ದಿನ ಬಿಟ್ಟು ಬರುತ್ತೇನೆ.

ಪುಟಲೆಕ್ಕ:

ಬಂದೆ. ನಡೆದದ್ದನ್ನು ಹೇಳುತ್ತೇನೆ.

2048 ಬ್ಲಾಕ್ ಕೇಳುವ ಒಂದು ಕ್ಯೂಟೆಸ್ಟ್ (ಕ್ಯೂಎಮುನ ಡಿವೈಸ್ ಟೆಸ್ಟ್) ಬರೆದೆ. ಗೆಸ್ಟ್ ಓಎಸ್ ಬೇಕಿಲ್ಲ, ಟೆಸ್ಟ್ ನೇರವಾಗಿ ಕ್ಯೂಗೆ ರಿಕ್ವೆಸ್ಟ್ ಹಾಕುತ್ತದೆ. ಮೊದಲು ಮಾಮೂಲಿ ಬಿಲ್ಡ್‌ನಲ್ಲಿ ಓಡಿಸಿದೆ. 'ಆಗಲ್ಲ' ಎಂಬ ಉತ್ತರ ಬಂತು! ಬಿಟ್‌ನೋಟ ಹೇಳಿದ್ದು ತಪ್ಪಿರಬಹುದಾ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿಯ ಅಂಚು ದಾಟುವುದನ್ನು ಹಿಡಿಯುವ ಸಾಧನ) ಹಾಕಿ ಬಿಲ್ಡ್ ಮಾಡಿದೆ. ತಕ್ಷಣ ನಿಂತಿತು: ಹೀಪ್ ಬಫರ್ ಓವರ್‌ಫ್ಲೋ, 8 ಬೈಟ್ ಓದು, 128 ಬೈಟ್ ಜಾಗದ ಅಂಚಿನಿಂದ 0 ಬೈಟ್ ಆಚೆ. ಸ್ಟ್ಯಾಕ್‌ನಲ್ಲಿ ಕಂಡದ್ದು 'ಖಾಲಿ ಇವೆಯಾ' ಎಂದು ನೋಡುವ ಫಂಕ್ಷನ್. ಮಾಮೂಲಿ ಬಿಲ್ಡ್‌ನಲ್ಲಿ ಆ ಆಚೆಯ ಜಾಗದಲ್ಲಿ ಏನೋ ಇತ್ತು, ಸೊನ್ನೆ ಇರಲಿಲ್ಲ. ಆದ್ದರಿಂದ 'ಬ್ಲಾಕ್ ಖಾಲಿ ಇಲ್ಲ' ಎಂದು ಭಾವಿಸಿ ಇಲ್ಲ ಎಂದಿತ್ತು. ಬೇರೆಯವರ ಮೆಮೊರಿ ಓದಿ ಕೊಟ್ಟ ಉತ್ತರ ಅದು.

ಬಿಟ್‌ನೋಟ:

ಆ ಟೆಸ್ಟ್ ಅನ್ನು ಸರಣಿಯ ಜೊತೆಗೇ ಸೇರಿಸಿ. 2047, 2048, 2049, 65535 ಮತ್ತು 0, ಐದೂ ಇರಲಿ. 2049 ಮರೆಯಬೇಡಿ. ಅಲ್ಲಿ ಸೈಜ್ ಸುತ್ತು ಹೊಡೆದು ಒಂದೇ ಬ್ಲಾಕ್ ಎಂದು ಕಾಣುತ್ತದೆ. ಸೊನ್ನೆಯ ಚೆಕ್ ಒಂದನ್ನೇ ಹಾಕಿದ್ದರೆ ಅದು ದಾಟಿಹೋಗುತ್ತದೆ.

ಪುಟಲೆಕ್ಕ:

ಐದನ್ನೂ ಸೇರಿಸಿದೆ. ಎರಡನೇ ಆವೃತ್ತಿಯೂ ಬಂದಿದೆ. ಬರೆದವರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ. ಟೈಪ್, ಕಾಪಿ, ಡಿಸ್ಕಾರ್ಡ್ ಕ್ರಮ, ಬ್ಯುಸಿ, ವಿಎಫ್‌ಐಒ ತಡೆ ಎಲ್ಲ ಬಂದಿವೆ. ಅವಸರದಲ್ಲಿ ಮಾಡಿಲ್ಲ ಎಂದು ಕಮಿಟ್ ಮೆಸೇಜ್ ಓದಿದರೇ ಗೊತ್ತಾಗುತ್ತದೆ.

ಆದರೆ ಐದನೇ ಪ್ಯಾಚ್‌ನಲ್ಲಿ ಹೊಸದೊಂದು ಕಂಡಿತು. ನಾನು ತಪ್ಪಾಗಿ ಓದುತ್ತಿದ್ದರೆ ತಿದ್ದಿ. ಗೆಸ್ಟ್ ಕೇಳಬಹುದಾದ ಜಾಗಕ್ಕೆ ಈಗ ಒಂದು ಮಿತಿ ಇಟ್ಟಿದ್ದಾರೆ. ಬೇಡಿಕೆಯ ಅಳತೆಗೆ 256 ಎಂಬಿ ಕೂಡಿಸಿದಷ್ಟು ಮಾತ್ರ ಬಳಸಬಹುದಾದ ಪ್ರದೇಶ. ಬೇಡಿಕೆ ಏರಿದಾಗ ಅದು ಏರುತ್ತದೆ. ಬೇಡಿಕೆ ಇಳಿದಾಗ ಅದೂ ತಕ್ಷಣ ಇಳಿಯುತ್ತದೆ.

ಗೆಸ್ಟ್ 2 ಜಿಬಿ ಹಾಕಿಕೊಂಡಿದೆ ಎಂದುಕೊಳ್ಳಿ. ಹೋಸ್ಟ್ ಬೇಡಿಕೆಯನ್ನು 512 ಎಂಬಿಗೆ ಇಳಿಸಿತು. ಬಳಸಬಹುದಾದ ಪ್ರದೇಶ 768 ಎಂಬಿಗೆ ಇಳಿಯಿತು. ಈಗ ಗೆಸ್ಟ್ ಒಳ್ಳೆಯ ಮನಸ್ಸಿನಿಂದ 1.5 ಜಿಬಿ ಹತ್ತಿರದ ಬ್ಲಾಕ್ ವಾಪಸ್ ಕೊಡಲು ಬರುತ್ತದೆ. ನಾವು ಸೇರಿಸಿದ ಅಂಚಿನ ಚೆಕ್ 'ಇದು ಪ್ರದೇಶದ ಹೊರಗಿದೆ' ಎಂದು ವಾಪಸ್ ಕಳಿಸುತ್ತದೆ. ಬಿಟ್‌ಮ್ಯಾಪ್‌ನಲ್ಲಿ ಆ ಬ್ಲಾಕ್ ಇದೆ, ಹೋಸ್ಟ್‌ನಲ್ಲಿ ಪೇಜ್ ಇದೆ, ಗೆಸ್ಟ್‌ಗೆ ಮಾತ್ರ ಕೊಡಲು ದಾರಿ ಇಲ್ಲ. ಮೆಮೊರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ವಾ?

ಹಳೇಕರ್ನಲ್:

ಸರಿಯಾಗಿ ಓದಿದ್ದೀರಿ. ಬಹಳ ಖುಷಿಯಾಯಿತು.

ಕ್ಯೂಎಮುನಲ್ಲಿ ಎಕ್ಸ್86ಗೆ ಇದೇ 256 ಎಂಬಿಯ ಹೆಚ್ಚುವರಿ ಇದೆ, ಬಹುಶಃ ಅಲ್ಲಿಂದಲೇ ತಂದಿದ್ದಾರೆ. ಆದರೆ ಅಲ್ಲಿ ಪ್ರದೇಶ ಏರುವುದು ಮಾತ್ರ ಸುಲಭ. ಇಳಿಯುವುದಕ್ಕೆ ಬೇರೆ ಅನುಮತಿ ಬೇಕು. ಎಲ್ಲ ಬ್ಲಾಕ್ ಒಟ್ಟಿಗೆ ತೆಗೆದಾಗ, ಮೇಲೆ ಏನೂ ಉಳಿದಿಲ್ಲ ಎಂದು ಖಚಿತ ಇರುವಾಗ ಮಾತ್ರ ಇಳಿಸುತ್ತದೆ. ಏರಿಸುವ ಸಾಲು ತಂದಿದ್ದಾರೆ, ತಡೆಯುವ ಸಾಲು ಬಿಟ್ಟಿದ್ದಾರೆ.

ಪುಟಲೆಕ್ಕ:

ಅದನ್ನೇ ಬರೆದು ಕಳಿಸಿದೆ, ಜೊತೆಗೆ 2 ಜಿಬಿಯಿಂದ 512 ಎಂಬಿಗೆ ಇಳಿಸುವ ಟೆಸ್ಟ್ ಕೂಡ. ಒಂದರಿಂದ ನಾಲ್ಕು ಮತ್ತು ಏಳನೇ ಪ್ಯಾಚ್‌ಗೆ ನನ್ನ ರಿವ್ಯೂಡ್-ಬೈ ಹಾಕಿದ್ದೇನೆ. ಐದಕ್ಕೆ ಹಾಕಿಲ್ಲ. ಆರು, ಎಂಟು, ಒಂಬತ್ತು ಅದರ ಮೇಲೆ ನಿಂತಿವೆ, ಆದ್ದರಿಂದ ಅವೂ ಕಾಯಬೇಕು.

ವಲಸೆಹಾದಿ ಅವರೇ, ಎಂಟನೆಯದು ಮೈಗ್ರೇಶನ್ ಪ್ಯಾಚ್. ಬ್ಲಾಕ್ ಸೈಜ್ ತಾಳೆ ನೋಡುತ್ತಿದ್ದಾರೆ, ಆದರೆ ಬಳಸಬಹುದಾದ ಪ್ರದೇಶದ ಅಳತೆಯನ್ನು ಕಳಿಸುತ್ತಿಲ್ಲ. ಆ ಕಡೆ ಬೇಡಿಕೆಯಿಂದ ಮತ್ತೆ ಲೆಕ್ಕ ಹಾಕಿಕೊಳ್ಳುತ್ತಾರೆ. ಪ್ರದೇಶ ಇಳಿಯದಂತೆ ತಡೆದ ಮೇಲೆ ಅದೂ ತಪ್ಪಾಗುತ್ತದೆ ಅನಿಸುತ್ತಿದೆ.

ವಲಸೆಹಾದಿ:

ಹೌದು, ತಪ್ಪಾಗುತ್ತದೆ. ಬೇಡಿಕೆ ಇಳಿದು, ಗೆಸ್ಟ್ ಇನ್ನೂ ಬ್ಲಾಕ್ ವಾಪಸ್ ಕೊಡುತ್ತಿರುವಾಗಲೇ ಮೈಗ್ರೇಶನ್ ಆದರೆ ಆ ಕಡೆ ಪ್ರದೇಶ ಚಿಕ್ಕದಾಗಿ ಹುಟ್ಟುತ್ತದೆ. ನೀವು ಈಗ ತಾನೇ ಮುಚ್ಚಿದ ತೂತು ಅಲ್ಲಿ ಮತ್ತೆ ತೆರೆಯುತ್ತದೆ. ಆ ಅಳತೆಯೂ ಬಿಟ್‌ಮ್ಯಾಪ್ ಜೊತೆ ಹೋಗಲಿ. ಡಿವೈಸ್ ಇನ್ನೂ ಮರ್ಜ್ ಆಗಿಲ್ಲ, ಹಳೆಯ ಆವೃತ್ತಿಯ ಗೊಡವೆ ಇಲ್ಲ, ಈಗಲೇ ಸೇರಿಸಿದರೆ ಒಂದು ಸಾಲು. ಮೂರನೇ ಆವೃತ್ತಿ ಬಂದಾಗ ಎಂಟನೆಯದನ್ನು ನಾನೂ ಓದುತ್ತೇನೆ, ತಿಳಿಸಿ.